ಸಂದರ್ಶನದ ಬಾಗಿಲಿನಾಚೆ

ಮಾಘ ಕಳೆದು ಫಾಲ್ಗುಣ ಕಾಲಿರಿಸುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಲಗ್ನದ ಮಾತುಕತೆಗಳೂ ಊರ ಜಾತ್ರೆಯ ಸಿದ್ಧತೆಗಳೂ ಜೊತೆಜೊತೆಯಾಗಿ ನಡೆಯುವುದು ಹಿಂದಿನಿಂದ ಬಂದ ರೂಢಿ. ಈಚಿನ ವರ್ಷಗಳಲ್ಲಿ ಈ ಋತುವಿಗೆ ಇನ್ನೊಂದು ತವಕವೂ ಬಂದು ಸೇರಿಕೊಂಡಿದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಎಂ.ಬಿ.ಎ. ಓದುತ್ತಿರುವ ಮಗನಿಗೆ ಅಥವಾ ಮಗಳಿಗೆ ‘ಕ್ಯಾಂಪಸ್’ನಲ್ಲಿ ಕೆಲಸವಾಯಿತೇ ಎಂಬ ತವಕವೇ ಅದು. ಮನೆಯ ಹಿರಿಯರಿಗೆ ಈ ಮಾತಿನ ಅರ್ಥ ಪೂರ್ತಿಯಾಗಿ ತಿಳಿದಿರುವುದಿಲ್ಲ. ಕೆಲಸವೆಂದರೆ ಅರ್ಜಿ ಹಾಕಬೇಕು, ಕರೆಪತ್ರ ಬರಬೇಕು, ಪರೀಕ್ಷೆಗೆ ಹೋಗಬೇಕು ಎಂಬುದನ್ನು ಕಂಡವರು ಅವರು. ಕಂಪನಿಗಳೇ ಕಾಲೇಜಿನ ಬಾಗಿಲಿಗೆ ಬಂದು ಹುಡುಗರನ್ನು ಆರಿಸಿಕೊಂಡು ಹೋಗುತ್ತವೆಂದು ಕೇಳಿದಾಗ, ‘ಹಾಗಿದ್ದ ಮೇಲೆ ಚಿಂತೆಯೇನು?’ ಎಂದು ಅವರು ಭಾವಿಸುವುದು ಸಹಜ. ಚಿಂತೆ ಇರುವುದೆಲ್ಲ ಅಲ್ಲಿಯೇ ಎಂಬುದನ್ನು ಈ ಬಾರಿ ಓದುಗ ಬಂಧುಗಳ ಮುಂದೆ ಕೊಂಚ ವಿವರವಾಗಿ ಇಡಬೇಕೆಂದು ನಾವು ಬಯಸಿದ್ದೇವೆ.

ವ್ಯವಹಾರ ನಿರ್ವಹಣೆಯ ಶಿಕ್ಷಣ ನಮ್ಮ ದೇಶಕ್ಕೆ ಹೊಸದೇನಲ್ಲ. ಕಲಕತ್ತೆ ಮತ್ತು ಅಹಮದಾಬಾದಿನ ಐ.ಐ.ಎಂ.ಗಳು 1961ರಲ್ಲಿ ಆರಂಭಗೊಂಡವು, ಬೆಂಗಳೂರಿನದು 1973ರಲ್ಲಿ. ಧಾರವಾಡದ ಕೌಸಾಳಿ ಸಂಸ್ಥೆ, ಮೈಸೂರಿನ ಬಹದ್ದೂರ್ ಸಂಸ್ಥೆ ಮೊದಲಾದವು ವಿಶ್ವವಿದ್ಯಾಲಯಗಳ ಆಶ್ರಯದಲ್ಲಿ ಈ ವಿದ್ಯೆಯನ್ನು ಕಲಿಸುತ್ತ ಬಂದಿವೆ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಇಂಜಿನಿಯರಿಂಗ್ ಕಾಲೇಜುಗಳ ಆವರಣಗಳಲ್ಲಿಯೂ ಎಂ.ಬಿ.ಎ. ವಿಭಾಗಗಳು ಹಬ್ಬಿಕೊಂಡವು. ಹೀಗೆ ಒಂದು ಕಾಲಕ್ಕೆ ಕೆಲವೇ ಮನೆತನಗಳಿಗೆ ನಿಲುಕುತ್ತಿದ್ದ ಪದವಿ ಇಂದು ಅಂಗಡಿಕಾರರ, ಶಿಕ್ಷಕರ, ಐದಾರು ಎಕರೆಯ ಒಕ್ಕಲಿನವರ ಮನೆಗೂ ಬಂದಿದೆ. ಇದು ಸಂತೋಷದ ವಿಷಯವೇ. ಆದರೆ ಪದವಿ ಬಂದಷ್ಟು ಸಲೀಸಾಗಿ ಅದರ ತುದಿಯಲ್ಲಿ ನಿಂತಿರುವ ಸಂದರ್ಶನದ ತಿಳಿವಳಿಕೆ ನಮ್ಮ ಮನೆಗಳಿಗೆ ಬಂದಿಲ್ಲ.

ಈ ಸಂದರ್ಶನಗಳ ಕ್ರಮ ಹೀಗಿರುತ್ತದೆ. ಕಂಪನಿಯವರು ಮೊದಲು ಬಂದು ಒಂದು ಗಂಟೆ ತಮ್ಮ ಗುಣಗಾನ ಮಾಡಿಕೊಳ್ಳುತ್ತಾರೆ. ಆಸಕ್ತ ವಿದ್ಯಾರ್ಥಿಗಳು ಒಂದು ಪುಟದ ಬಯೋಡೇಟಾ ಕೊಡುತ್ತಾರೆ. ಅದನ್ನು ನೋಡಿ ಕಂಪನಿಯವರು ಕೆಲವರ ಹೆಸರನ್ನಷ್ಟೇ ಆರಿಸಿ ಪಟ್ಟಿ ಕಳುಹಿಸುತ್ತಾರೆ. ಇದಕ್ಕೆ ಹುಡುಗರ ಬಾಯಲ್ಲಿ ಶಾರ್ಟ್‌ಲಿಸ್ಟ್ ಎಂದು ಹೆಸರು. ಮುಂದೆ ಲಿಖಿತ ಪರೀಕ್ಷೆ, ಎಂಟು ಹತ್ತು ಜನರನ್ನು ಒಂದೆಡೆ ಕೂರಿಸಿ ನಡೆಸುವ ಗ್ರೂಪ್ ಡಿಸ್ಕಷನ್, ಕೊನೆಗೆ ಒಂದೋ ಎರಡೋ ಸುತ್ತಿನ ಸಂದರ್ಶನ. ಪ್ರತಿ ಮೆಟ್ಟಿಲಿನಲ್ಲಿಯೂ ಕೆಲವರು ಉಳಿಯುತ್ತಾರೆ, ಹಲವರು ಹಿಂದಿರುಗುತ್ತಾರೆ. ಸಂಜೆಗೆ ಅಥವಾ ಮಾರನೆಯ ದಿನ ಹೆಸರುಗಳು ವಾಟ್ಸಾಪಿನಲ್ಲಿ ಬರುತ್ತವೆ. ಹೆಸರಿಲ್ಲದವರಿಗೆ ಏಕಿಲ್ಲವೆಂಬ ಕಾರಣವನ್ನು ಯಾರೂ ಹೇಳುವುದಿಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ವಿನಂತಿ. ಕಾರಣ ತಿಳಿಯದೆ ಇರುವ ನಿರಾಕರಣೆಗೆ ಮನುಷ್ಯನ ಮನಸ್ಸು ತಾನೇ ಒಂದು ಕಾರಣವನ್ನು ಹೊಸೆಯುತ್ತದೆ, ಮತ್ತು ಇಪ್ಪತ್ತೆರಡು ವರ್ಷದ ಮಗು ಹೊಸೆಯುವ ಕಾರಣ ಬಹುಮಟ್ಟಿಗೆ ‘ನಾನೇ ಸರಿಯಿಲ್ಲ’ ಎಂಬುದಾಗಿರುತ್ತದೆ.

ದೊಡ್ಡ ಸಂಸ್ಥೆಗಳಲ್ಲಿ ಈ ಪರಿಪಾಟಿ ಇನ್ನೂ ಬೇಗ ಆರಂಭವಾಗುತ್ತದೆ. ಐ.ಐ.ಎಂ.ಗಳಲ್ಲಿ ಜೂನ್ ತಿಂಗಳ ಸುಮಾರಿಗೆ ಸೇರಿದ ವಿದ್ಯಾರ್ಥಿ ದೀಪಾವಳಿಯ ಆಸುಪಾಸಿನಲ್ಲಿಯೇ, ಮುಂದಿನ ಬೇಸಿಗೆಯ ಎರಡು ತಿಂಗಳ ತರಬೇತಿಗಾಗಿ ಕಂಪನಿಗಳ ಮುಂದೆ ಕೂರಬೇಕು. ಪಾಠ ಇನ್ನೂ ತಲೆಗೆ ಹತ್ತಿರುವುದಿಲ್ಲ, ಕಲಿತದ್ದನ್ನು ಹೇಳೆಂದು ಕೇಳುವವರು ಬಂದು ಕುಳಿತಿರುತ್ತಾರೆ. ಆ ತರಬೇತಿಯಲ್ಲಿ ಮೆಚ್ಚುಗೆ ಗಳಿಸಿದವರಿಗೆ ಅದೇ ಕಂಪನಿ ಮುಂಗಡವಾಗಿ ಕೆಲಸ ಕೊಡುವುದುಂಟು. ಉಳಿದವರಿಗೆ ಎರಡನೆಯ ವರ್ಷದ ಜನವರಿ, ಫೆಬ್ರವರಿಗಳಲ್ಲಿ ಮತ್ತೊಮ್ಮೆ ಅದೇ ಪಾಡು.

ಇಷ್ಟು ಪೀಠಿಕೆಯ ನಂತರ ರಾಣೆಬೆನ್ನೂರಿನ ಕಡೆಯ ತಾಯಿಯೊಬ್ಬರು ನಮಗೆ ಬರೆದ ಪತ್ರದ ಪ್ರಸ್ತಾಪ ಮಾಡುತ್ತೇವೆ. ಅವರ ಯಜಮಾನರದು ಬೀಜ ಗೊಬ್ಬರದ ಅಂಗಡಿ. ಹಿರಿಯ ಮಗಳು ಬೆಂಗಳೂರಿನ ಕಾಲೇಜೊಂದರಲ್ಲಿ ಎಂ.ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಓದಿನಲ್ಲಿ ಹಿಂದೆ ಬಿದ್ದವಳಲ್ಲ. ಈವರೆಗೆ ಏಳು ಕಂಪನಿಗಳ ಸಂದರ್ಶನಕ್ಕೆ ಕೂತಿದ್ದಾಳೆ, ಏಳರಲ್ಲಿಯೂ ಆಗಿಲ್ಲ. ಮೊದಮೊದಲು ದಿನಾ ಸಂಜೆ ಫೋನು ಮಾಡುತ್ತಿದ್ದವಳು ಈಗ, ‘ಅವ್ವಾ, ನಾನಾಗೇ ಹೇಳೂ ತನಕ ಕೇಳಬ್ಯಾಡ್ರಿ’ ಎಂದು ಹೇಳಿ ಸುಮ್ಮನಾಗಿದ್ದಾಳೆ. ತಂದೆಯವರು, ‘ಏಳೂ ಮಂದಿ ಬ್ಯಾಡಂದ ಮ್ಯಾಲೆ ಆಕಿಯೊಳಗ ಏನರ ಕೊರತಿ ಇರಬೇಕಲ್ಲ’ ಎನ್ನುತ್ತಾರಂತೆ. ಜೊತೆಗೆ ಹಾವೇರಿಯ ಕಡೆಯ ಒಂದು ಮನೆತನದಿಂದ ಸಂಬಂಧದ ಮಾತು ಬಂದಿದ್ದು, ಹುಡುಗಿಗೆ ಎಲ್ಲಿ ಕೆಲಸವಾಯಿತೆಂದು ತಿಳಿದ ಮೇಲೆ ಮುಂದಿನ ಮಾತೆಂದು ಅವರು ಕಾಯುತ್ತಿದ್ದಾರೆ. ‘ಮಗಳಿಗೆ ಏನು ಕಡಿಮೆಯಾಗಿದೆ? ನಾವು ಬೆಂಗಳೂರಿಗೆ ಹೋಗಿ ಅವಳ ಬಳಿ ಇರಬೇಕೆ?’ ಎಂಬುದು ತಾಯಿಯ ಪ್ರಶ್ನೆ.

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಅಂಗಡಿಯ ಲೆಕ್ಕದಲ್ಲಿಯೇ ಹೇಳಬಹುದು. ಒಂದು ಕಂಪನಿಯ ಸಂದರ್ಶನಕ್ಕೆ ಸಮಾನ ಯೋಗ್ಯತೆಯ ಐವರು ಕೂತಿದ್ದಾರೆ, ಒಬ್ಬರನ್ನು ಆರಿಸಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬರಿಗೂ ಐದರಲ್ಲಿ ಒಂದು ಪಾಲಿನ ಅವಕಾಶ. ತಪ್ಪಿಹೋಗುವ ಸಂಭವ ಐದರಲ್ಲಿ ನಾಲ್ಕು ಪಾಲು. ಇಂತಹ ಏಳು ಸಂದರ್ಶನಗಳಿಗೆ ಒಂದೇ ಸಮನಾದ 100 ವಿದ್ಯಾರ್ಥಿಗಳು ಕೂತರೆ, ಏಳೂ ಮುಗಿದ ಮೇಲೆ ಇನ್ನೂ ಕೆಲಸವಿಲ್ಲದೆ ಉಳಿಯುವವರು ಎಷ್ಟು ಮಂದಿ? ನಾಲ್ಕೈದಾಂಶವನ್ನು ಏಳು ಬಾರಿ ಗುಣಿಸಿದರೆ ಬರುವ ಉತ್ತರ 21. ಹತ್ತು ಸಂದರ್ಶನಗಳಾದ ಮೇಲೆಯೂ 10 ಅಥವಾ 11 ಮಂದಿ ಉಳಿದಿರುತ್ತಾರೆ. ಹದಿನೈದಾದ ಮೇಲೂ ಮೂರು ನಾಲ್ಕು ಮಂದಿ. ಇವರಲ್ಲಿ ಒಬ್ಬರಿಗೂ ಉಳಿದ ಎಂಬತ್ತು ತೊಂಬತ್ತು ಮಂದಿಗಿಂತ ಕೂದಲೆಳೆಯಷ್ಟೂ ಕೊರತೆಯಿಲ್ಲ. ನಾವೇ ಲೆಕ್ಕದ ಆರಂಭದಲ್ಲಿ ಎಲ್ಲರೂ ಸಮಾನರೆಂದು ಇಟ್ಟುಕೊಂಡಿದ್ದೇವೆ. ಆದುದರಿಂದ ಏಳು ಕಂಪನಿಗಳು ಬೇಡವೆಂದ ಮಾತ್ರಕ್ಕೆ ಕೊರತೆ ಇದೆಯೆಂದು ತೀರ್ಮಾನಿಸುವುದು, ಏಳು ವರ್ಷ ಮಳೆ ಕೈಕೊಟ್ಟದ್ದಕ್ಕೆ ಒಕ್ಕಲಿಗನ ಕೈಗುಣವನ್ನು ದೂರಿದಂತೆ. ಕೊರತೆ ಇರಲೂಬಹುದು, ಆದರೆ ಅದನ್ನು ತಿಳಿಯಲು ಬೇರೆ ದಾರಿ ಹುಡುಕಬೇಕು. ಏಳು ಎಂಬ ಸಂಖ್ಯೆ ಅದನ್ನು ಹೇಳಲಾರದು.

ಈ ಲೆಕ್ಕದೊಳಗೆ ಒಂದು ಸೂಕ್ಷ್ಮ ಅಡಗಿದೆ. ಒಂದು ಸಂದರ್ಶನಕ್ಕೂ ಮತ್ತೊಂದಕ್ಕೂ ಸಂಬಂಧವಿಲ್ಲ, ಪ್ರತಿಯೊಂದೂ ಹೊಸದಾಗಿ ಆರಂಭವಾಗುತ್ತದೆ ಎಂದು ನಾವು ಭಾವಿಸಿದ್ದೇವೆ. ಕಂಪನಿಯ ಕಡೆಯಿಂದ ನೋಡಿದರೆ ಇದು ನಿಜ. ಎಂಟನೆಯ ಕಂಪನಿಗೆ ಮೊದಲಿನ ಏಳರ ಸುದ್ದಿ ಗೊತ್ತಿರುವುದಿಲ್ಲ. ಆದರೆ ಒಳಗೆ ಹೋಗುವ ಹುಡುಗಿಗೆ ಗೊತ್ತಿರುತ್ತದೆ. ಮೂರು ಕಡೆ ಆಗದಿದ್ದ ಮೇಲೆ ದನಿ ತಗ್ಗುತ್ತದೆ, ನಾಲ್ಕನೆಯ ಕಡೆ ಉತ್ತರ ಗೊತ್ತಿದ್ದೂ ನಾಲಿಗೆ ತಡವರಿಸುತ್ತದೆ, ಐದನೆಯ ಕಡೆ ‘ಇಲ್ಲಿಯೂ ಆಗುವುದಿಲ್ಲ’ ಎಂಬ ಭಾವ ಮುಖದ ಮೇಲೆ ಬರೆದಂತೆ ಕಾಣುತ್ತದೆ. ಆಗ ಐದರಲ್ಲಿ ಒಂದಿದ್ದ ಅವಕಾಶ ಹತ್ತರಲ್ಲಿ ಒಂದಾಗುತ್ತದೆ. ಹಿಂದಿನ ನಿರಾಕರಣೆಯನ್ನು ಮುಂದಿನ ಕೋಣೆಯೊಳಕ್ಕೆ ಹೊತ್ತುಕೊಂಡು ಹೋಗದಂತೆ ಮಗುವನ್ನು ಕಾಪಾಡುವುದು ಹೇಗೆಂಬುದೇ ಇಲ್ಲಿ ನಿಜವಾದ ಪ್ರಶ್ನೆ. ಅದರಲ್ಲಿ ಮನೆಯವರ ಪಾಲು ದೊಡ್ಡದು. ಅದಕ್ಕೆ ಆಮೇಲೆ ಬರುತ್ತೇವೆ.

ಬಾಗಿಲಿನಾಚೆ ಕುಳಿತವರು ಯೋಗ್ಯತೆಯನ್ನು ತೂಗಿ ನೋಡುವ ಚಿನಿವಾರರೆಂದು ನಾವು ಊರಲ್ಲಿ ಕುಳಿತು ಭಾವಿಸುತ್ತೇವೆ. ಆ ತಕ್ಕಡಿ ಅಷ್ಟೇನೂ ನಂಬಿಕೆಗೆ ಅರ್ಹವಲ್ಲವೆಂದು ಆ ವಿಷಯವನ್ನೇ ಅಧ್ಯಯನ ಮಾಡಿದ ವಿದ್ವಾಂಸರು ಹೇಳುತ್ತಾರೆ. ಅಮೆರಿಕದ ಫ್ರಾಂಕ್ ಸ್ಮಿಟ್ ಮತ್ತು ಜಾನ್ ಹಂಟರ್ ಎಂಬುವರು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 1998ರಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿದರು. ಕೆಲಸಕ್ಕೆ ಆರಿಸುವಾಗ ಕೊಟ್ಟ ಅಂಕಕ್ಕೂ ಆ ವ್ಯಕ್ತಿ ಮುಂದೆ ನಿಜವಾಗಿ ಮಾಡಿದ ಕೆಲಸಕ್ಕೂ ಎಷ್ಟು ಹೊಂದಿಕೆಯಿದೆ ಎಂಬುದು ಅದರ ವಿಷಯ. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಅವರ ಸಂಗಡಿಗರು ಆ ಲೆಕ್ಕಗಳನ್ನು ಮತ್ತೆ ಪರಿಶೀಲಿಸಿದರು. ಹೊಂದಿಕೆ ಪೂರ್ತಿಯಿದ್ದರೆ 1, ಏನೇನೂ ಇಲ್ಲದಿದ್ದರೆ 0 ಎಂದು ಇಟ್ಟುಕೊಂಡರೆ, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ ಒಂದೇ ಅಳತೆಯಿಂದ ಅಂಕ ಕೊಡುವ ಸಂದರ್ಶನಕ್ಕೆ ಅವರು ಕಂಡ ಮೌಲ್ಯ 0.42. ಮನಸ್ಸಿಗೆ ಬಂದದ್ದನ್ನು ಕೇಳುತ್ತ ಹರಟೆಯಂತೆ ನಡೆಸುವ ಸಂದರ್ಶನಕ್ಕೆ 0.19. ಮೊದಲನೆಯದೇ ಅರ್ಧಕ್ಕಿಂತ ಕಡಿಮೆ. ಎರಡನೆಯದಂತೂ ಸೊನ್ನೆಯ ನೆರೆಮನೆ. ನಮ್ಮ ಕಾಲೇಜುಗಳಲ್ಲಿ ಹದಿನೈದು ನಿಮಿಷದಲ್ಲಿ ಮುಗಿಯುವ ಸಂದರ್ಶನಗಳಲ್ಲಿ ಎರಡನೆಯ ಜಾತಿಯವು ಎಷ್ಟಿರುತ್ತವೆಂಬುದನ್ನು ಹೊರಬಂದ ಮಕ್ಕಳನ್ನು ಕೇಳಿದರೆ ತಿಳಿಯುತ್ತದೆ. ಒಬ್ಬನಿಗೆ ಬ್ಯಾಲೆನ್ಸ್ ಶೀಟಿನ ಪ್ರಶ್ನೆ, ಇನ್ನೊಬ್ಬನಿಗೆ ಕ್ರಿಕೆಟ್ಟಿನ ಪ್ರಶ್ನೆ, ಮತ್ತೊಬ್ಬಳಿಗೆ ‘ಮದುವೆ ಯಾವಾಗ?’ ಎಂಬ ಪ್ರಶ್ನೆ.

ಇದನ್ನು ಬಹಳ ಹಿಂದೆಯೇ ಕಂಡುಕೊಂಡವರೊಬ್ಬರಿದ್ದರು. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನೆಮನ್ 1955ರ ಸುಮಾರಿಗೆ ಇಸ್ರೇಲಿನ ಸೈನ್ಯದಲ್ಲಿ ಇಪ್ಪತ್ತೊಂದು ವರ್ಷದ ಅಧಿಕಾರಿ. ಹೊಸ ಸೈನಿಕರನ್ನು ಸಂದರ್ಶಿಸುವವರ ಅಭಿಪ್ರಾಯಕ್ಕೂ ಆ ಸೈನಿಕರು ಮುಂದೆ ಮಾಡುವ ಕೆಲಸಕ್ಕೂ ತಾಳೆಯೇ ಇಲ್ಲವೆಂದು ತಿಳಿದು, ಅದನ್ನು ಸರಿಪಡಿಸುವ ಹೊಣೆ ಅವರಿಗೆ ಬಂದಿತು. ಒಟ್ಟಾರೆ ಅಭಿಪ್ರಾಯವನ್ನು ಬದಿಗಿಟ್ಟು ಆರು ಗುಣಗಳಿಗೆ ಒಂದೊಂದಾಗಿ ಅಂಕ ಕೊಡಿರೆಂದು ಅವರು ನಿಯಮ ಮಾಡಿದರು. ನಮ್ಮನ್ನು ಯಂತ್ರಗಳನ್ನಾಗಿ ಮಾಡುತ್ತೀರೆಂದು ಸಂದರ್ಶಕರು ಸಿಡಿದೆದ್ದರಂತೆ. ಆದರೂ ಫಲ ಮೊದಲಿಗಿಂತ ಉತ್ತಮವಾಯಿತು. ತನ್ನ ಒಳಗಣ್ಣಿಗೆ ಮನುಷ್ಯರು ತಿಳಿಯುತ್ತಾರೆಂಬ ಭ್ರಮೆಯನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಾಗುವುದಿಲ್ಲ, ಸೈನ್ಯದವರಿಗೂ, ಕಂಪನಿಯವರಿಗೂ. ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ತಿನ್ನುವಷ್ಟರಲ್ಲಿ ಎಲ್ಲ ತಿಳಿಯಿತೆನ್ನುವ ನಮ್ಮವರಿಗೂ ಈ ಮಾತು ಹೊರತಲ್ಲ.

ಕೋಣೆಯ ಹೊರಗಿನ ಗಾಳಿಯೂ ಫಲಿತಾಂಶವನ್ನು ಬದಲಿಸುತ್ತದೆ. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿ ಸಾರಿತು. ಹಿಂದಿನ ವರ್ಷ ಕೆಲವೇ ದಿನಗಳಲ್ಲಿ ಮುಗಿಯುತ್ತಿದ್ದ ಐ.ಐ.ಎಂ.ಗಳ ಪ್ಲೇಸ್‌ಮೆಂಟ್ 2009ರಲ್ಲಿ ವಾರಗಟ್ಟಲೆ ಎಳೆಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಆಫರ್ ಲೆಟರ್ ಕೈಯಲ್ಲಿದ್ದವರೂ ಸೇರುವ ದಿನಾಂಕಕ್ಕಾಗಿ ತಿಂಗಳುಗಳ ಕಾಲ ಕಾದರು. ಬೇಸಿಗೆಯ ತರಬೇತಿಗಳು ಮನೆಯ ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ನಡೆದವು. 2024ರಲ್ಲಿ ಸಾಫ್ಟ್‌ವೇರ್ ಮತ್ತು ಸಲಹಾ ಕಂಪನಿಗಳು ಕೈ ಬಿಗಿಹಿಡಿದಾಗ ಹೆಸರುವಾಸಿ ಸಂಸ್ಥೆಗಳಲ್ಲಿಯೂ ಋತು ಉದ್ದವಾಯಿತು. 2007ರಲ್ಲಿ ಓದು ಮುಗಿಸಿದವನಿಗೂ 2009ರಲ್ಲಿ ಮುಗಿಸಿದವನಿಗೂ ನಡುವೆ ಇದ್ದದ್ದು ಜನ್ಮದಿನಾಂಕದ ಅಂತರವಷ್ಟೇ.

ಇನ್ನೊಂದು ಕಟ್ಟಳೆಯನ್ನು ಪಾಲಕರು ತಿಳಿದಿರುವುದು ಒಳ್ಳೆಯದು. ಹಲವು ಕಾಲೇಜುಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಒಂದೇ ಕೆಲಸ. ಮೊದಲು ಸಿಕ್ಕಿದ್ದನ್ನು ಒಪ್ಪಿಕೊಂಡೊಡನೆ ಮುಂದಿನ ಕಂಪನಿಗಳ ಬಾಗಿಲು ಮುಚ್ಚುತ್ತದೆ. ಎಲ್ಲರಿಗೂ ಒಂದೊಂದು ದೊರೆಯಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಇದರಿಂದ ಮಗು ಮಾಡಬೇಕಾದ ಆಯ್ಕೆ ಎಷ್ಟು ಕಠಿಣವೆಂದು ನೋಡಿ. ಇಂದು ಬಂದಿರುವ ಸಾಧಾರಣ ಕೆಲಸವನ್ನು ಹಿಡಿಯಬೇಕೆ, ಮುಂದಿನ ವಾರ ಬರಬಹುದಾದ ಉತ್ತಮ ಕಂಪನಿಗಾಗಿ ಬಿಡಬೇಕೆ? ಉತ್ತರ ಹೇಳಲು ಸಿಗುವುದು ಒಂದು ರಾತ್ರಿ, ಕೆಲವೊಮ್ಮೆ ಒಂದು ಗಂಟೆ. ಅಮೆರಿಕದಲ್ಲಿ ವೈದ್ಯಕೀಯ ಪದವೀಧರರಿಗೂ ಹಿಂದೆ ಇದೇ ಅವಸ್ಥೆಯಿತ್ತು. ಆಸ್ಪತ್ರೆಗಳು ಪೈಪೋಟಿಯಿಂದ, ಓದು ಮುಗಿಯುವುದಕ್ಕೆ ಎರಡು ವರ್ಷ ಮೊದಲೇ ಕರೆದು, ಕೂಡಲೇ ಉತ್ತರ ಕೊಡೆಂದು ಒತ್ತಾಯಿಸುತ್ತಿದ್ದವು. 1952ರಿಂದ ಅಲ್ಲಿ ಬೇರೆ ಏರ್ಪಾಟು ಬಂದಿತು. ವಿದ್ಯಾರ್ಥಿಗಳು ತಮಗೆ ಬೇಕಾದ ಆಸ್ಪತ್ರೆಗಳನ್ನೂ, ಆಸ್ಪತ್ರೆಗಳು ತಮಗೆ ಬೇಕಾದ ವಿದ್ಯಾರ್ಥಿಗಳನ್ನೂ ಅನುಕ್ರಮವಾಗಿ ಬರೆದುಕೊಡುತ್ತಾರೆ. ಮಧ್ಯಸ್ಥ ಸಂಸ್ಥೆಯೊಂದು ಎರಡನ್ನೂ ಹೊಂದಿಸಿ ಒಂದೇ ದಿನ ಫಲಿತಾಂಶ ಹೇಳುತ್ತದೆ. ಇಂತಹ ಹೊಂದಾಣಿಕೆಯ ಗಣಿತಕ್ಕಾಗಿ ಲಾಯ್ಡ್ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರಲ್ಲಿ ನೊಬೆಲ್ ದೊರೆಯಿತು. ನಮ್ಮ ಎಂ.ಬಿ.ಎ. ಕಾಲೇಜುಗಳಲ್ಲಿ ಅಂತಹ ಮಧ್ಯಸ್ಥರಿಲ್ಲ. ಮ್ಯಾನೇಜ್‌ಮೆಂಟ್ ಎಂಬ ಹೆಸರನ್ನೇ ಹೊತ್ತ ವಿದ್ಯಾಲಯಗಳು ತಮ್ಮ ಮಕ್ಕಳ ಈ ಒಂದು ರಾತ್ರಿಯನ್ನು ನಿರ್ವಹಿಸಲು ಇನ್ನೂ ಕಲಿತಿಲ್ಲವೆಂದು ನಾವು ಹೇಳಿದರೆ ಯಾರೂ ಬೇಸರಿಸಬಾರದು.

ಅದಿರಲಿ, ಮನೆಯ ಮಾತಿಗೆ ಬರೋಣ. ಸಂದರ್ಶನದ ದಿನಗಳಲ್ಲಿ ಮಗುವಿಗೆ ಹೋಗುವ ಫೋನುಗಳನ್ನು ಎಣಿಸಿ ನೋಡಿ. ಬೆಳಿಗ್ಗೆ ಅಪ್ಪ, ಮಧ್ಯಾಹ್ನ ಸೋದರಮಾವ, ಸಂಜೆ ದೊಡ್ಡಪ್ಪ, ರಾತ್ರಿ ಅವ್ವ. ಎಲ್ಲರ ಪ್ರಶ್ನೆಯೂ ಒಂದೇ: ‘ಆತೇನು?’ ಪ್ರೀತಿಯಿಂದಲೇ ಕೇಳುತ್ತಾರೆ, ಅದರಲ್ಲಿ ಸಂದೇಹವಿಲ್ಲ. ಆದರೆ ಈ ಪ್ರಶ್ನೆಗೆ ‘ಹೂಂ’, ‘ಇಲ್ಲ’ ಎಂಬ ಎರಡೇ ಉತ್ತರಗಳಿವೆ. ‘ಇಲ್ಲ’ ಎಂಬುದನ್ನು ಒಂದೇ ದಿನದಲ್ಲಿ ನಾಲ್ಕು ಬಾರಿ ಹೇಳಬೇಕಾದ ಮಗು ಒಂದು ನಿರಾಕರಣೆಯನ್ನು ನಾಲ್ಕಾಗಿ ಅನುಭವಿಸುತ್ತದೆ. ಮಗಳು ಕೇಳಬೇಡಿರೆಂದದ್ದು ಸಿಟ್ಟಿನಿಂದಲ್ಲ, ಇದರಿಂದ ಎಂದು ನಮ್ಮ ಊಹೆ. ರಾಣೆಬೆನ್ನೂರಿನ ತಾಯಿಯವರು ಅವಳ ಮಾತನ್ನು ಅಕ್ಷರಶಃ ಪಾಲಿಸಬೇಕೆಂದೇನೂ ಇಲ್ಲ. ಫೋನು ಮಾಡಲಿ, ಪ್ರಶ್ನೆಯನ್ನು ಬದಲಿಸಲಿ. ‘ಇವತ್ತು ಏನೇನು ಕೇಳಿದರು?’ ಎಂದು ಕೇಳಬಹುದು. ಇದಕ್ಕೆ ಸೋಲು ಗೆಲುವುಗಳ ಹಂಗಿಲ್ಲ. ಕೇಳಿದ ಪ್ರಶ್ನೆಗಳನ್ನು ಮಗಳು ಹೇಳುತ್ತ ಹೋದಂತೆ ಅವಳಿಗೇ ಎಲ್ಲಿ ತಡವರಿಸಿದೆನೆಂಬುದು ತೋರುತ್ತದೆ. ಅದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡೆಂದು ಹೇಳಿ. ನಾಲ್ಕು ಸಂದರ್ಶನಗಳ ಪ್ರಶ್ನೆಗಳನ್ನು ಒಟ್ಟಿಗಿಟ್ಟು ನೋಡಿದರೆ, ಅಂಕಿಸಂಖ್ಯೆಯ ಪ್ರಶ್ನೆ ಬಂದಾಗಲೆಲ್ಲ ತಪ್ಪುತ್ತಿದೆಯೋ, ಬೇಸಿಗೆಯಲ್ಲಿ ಮಾಡಿದ ತರಬೇತಿಯ ವಿವರ ಹೇಳಲು ಬರುತ್ತಿಲ್ಲವೋ ಸ್ಪಷ್ಟವಾಗುತ್ತದೆ. ಕೊರತೆ ಇದ್ದರೆ ತಂದೆಯವರಿಗೆ ಅದು ಸಿಗುವುದು ಅಲ್ಲಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಗ್ರೂಪ್ ಡಿಸ್ಕಷನ್ ಎಂದರೆ ಕೈಕಾಲು ತಣ್ಣಗಾಗುತ್ತವೆ. ನಗರದ ಹುಡುಗರು ಇಂಗ್ಲಿಷಿನಲ್ಲಿ ಮುಗಿಬಿದ್ದು ಮಾತನಾಡುವಾಗ ಇವರಿಗೆ ಒಳನುಗ್ಗಲು ಸಂದು ಸಿಗುವುದಿಲ್ಲ. ಇದಕ್ಕೆ ಮನೆಯವರು ಮಾಡಬಹುದಾದದ್ದು ಹೆಚ್ಚಿಲ್ಲ. ಆದರೆ ಇಂಗ್ಲಿಷನ್ನು ಬಾಯಿಪಾಠ ಮಾಡಿ ಒಪ್ಪಿಸುವುದಕ್ಕಿಂತ, ಗೊತ್ತಿದ್ದ ವಿಷಯವನ್ನು ಮೂರು ಚಿಕ್ಕ ವಾಕ್ಯಗಳಲ್ಲಿ ನಿಧಾನವಾಗಿ ಹೇಳುವುದು ಮೇಲು. ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಅಂತರ್ಜಾಲದಿಂದ ಇಳಿಸಿಕೊಂಡ ಆತ್ಮಚರಿತ್ರೆಯನ್ನು ಒಪ್ಪಿಸುವ ಬದಲು, ಗೊಬ್ಬರದ ಅಂಗಡಿಯಲ್ಲಿ ಮುಂಗಾರಿಗೆ ಮೊದಲು ಎಷ್ಟು ಸರಕು ತುಂಬಿಸಬೇಕು, ಸಾಲ ಕೊಟ್ಟ ರೈತರಿಂದ ಸುಗ್ಗಿಯ ನಂತರ ವಸೂಲಿ ಹೇಗೆ ಎಂಬುದನ್ನು ಹೇಳಿದರೆ ಸಾಕು. ಸರಕು ನಿರ್ವಹಣೆ, ಸಾಲ ನಿರ್ವಹಣೆ ಎಂದು ಪುಸ್ತಕದಲ್ಲಿ ಓದಿದ್ದನ್ನು ಆ ಮಗು ಹತ್ತನೆಯ ವಯಸ್ಸಿನಿಂದ ಕಂಡಿದೆ. ಅದನ್ನು ಹೇಳಿಕೊಳ್ಳಲು ನಾಚಿಕೆಪಟ್ಟು, ಎರವಲು ತಂದ ಕೋಟು ಟೈ ಧರಿಸಿ ಬೆವರುತ್ತ ಬೇರೆಯವರ ಮಾತಾಡಿದರೆ ಯಾರು ನಂಬುತ್ತಾರೆ?

ಬೆಂಗಳೂರಿಗೆ ಹೋಗಿ ಮಗಳ ಬಳಿ ಇರಬೇಕೆ ಎಂಬ ಪ್ರಶ್ನೆಗೆ ನಮ್ಮ ಅಭಿಪ್ರಾಯ, ಈಗ ಬೇಡವೆಂದೇ. ಹಾಸ್ಟೆಲಿನ ಬಾಗಿಲಲ್ಲಿ ಅವ್ವನ ಮುಖ ಕಂಡರೆ ಅದರಲ್ಲಿಯೂ ಅವಳು ಪ್ರಶ್ನೆಯನ್ನೇ ಓದುತ್ತಾಳೆ. ಎರಡು ಸಂದರ್ಶನಗಳ ನಡುವೆ ಬಿಡುವಿದ್ದಾಗ ಅವಳನ್ನೇ ಎರಡು ದಿನ ಊರಿಗೆ ಕರೆಸಿ, ರೊಟ್ಟಿ ಪಲ್ಲೆ ಮಾಡಿ ಬಡಿಸಿ, ಮಲಗಲು ಬಿಡಿ. ಆದರೆ ಊಟ ಬಿಟ್ಟಿದ್ದಾಳೆ, ನಿದ್ರೆಯಿಲ್ಲ, ಗೆಳತಿಯರೊಡನೆಯೂ ಮಾತಿಲ್ಲ ಎಂದು ತಿಳಿದುಬಂದರೆ ಮೇಲಿನ ಮಾತು ಅನ್ವಯಿಸುವುದಿಲ್ಲ. ಆಗ ಅಂದಿನ ಬಸ್ಸಿಗೇ ಹೊರಡಬೇಕು. ಮನಸ್ಸಿನ ವೈದ್ಯರನ್ನು ಕಾಣುವುದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ; ಕೇಂದ್ರ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 2022ರಿಂದ 14416 ಎಂಬ ಸಂಖ್ಯೆಯಲ್ಲಿದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಸಂಬಂಧದ ಮಾತಿನ ಬಗ್ಗೆ ನಾವು ಖಂಡಿತವಾಗಿಯೇ ಹೇಳುತ್ತೇವೆ. ಹಾವೇರಿಯ ಬೀಗರಾಗಲಿರುವವರು ಕಾಯುವುದು ತಪ್ಪಲ್ಲ. ಎಲ್ಲಿ ಕೆಲಸವಾದರೆ ಎಲ್ಲಿ ಸಂಸಾರ ಹೂಡಬೇಕೆಂಬ ಯೋಚನೆ ಅವರಿಗೂ ಇರುತ್ತದೆ. ಆದರೆ ಅವರು ಕಾಯುತ್ತಿದ್ದಾರೆಂಬುದನ್ನು ಮಗಳಿಗೆ ವಾರಕ್ಕೊಮ್ಮೆ ನೆನಪಿಸುವುದು ಬೇಡ. ಒಂದು ಕೆಲಸದ ಸಂದರ್ಶನಕ್ಕೆ ಹೋದವಳು ಎರಡು ಸಂದರ್ಶನಗಳ ಭಾರ ಹೊರುವಂತಾಗುತ್ತದೆ. ಓದು ಮುಗಿಯುವವರೆಗೆ ಮಾತನ್ನು ಮುಂದೂಡಿರೆಂದು ತಂದೆಯವರೇ ಆ ಮನೆಯವರಿಗೆ ತಿಳಿಸಲಿ. ಸಂಬಳದ ಅಂಕಿಯನ್ನೇ ಕೇಳುವವರಾದರೆ ಅವರ ವಿಷಯ ಆಗಲೇ ತಿಳಿದಂತಾಯಿತು.

ಮಕ್ಕಳ ನಿದ್ರೆ ಕೆಡಿಸುವ ಮತ್ತೊಂದು ಸಂಗತಿ ಬ್ಯಾಂಕಿನ ಸಾಲ. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆಡದಿರುವುದರಿಂದಲೇ ಅದು ದೊಡ್ಡದಾಗಿ ಕಾಣುತ್ತದೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ಓದಿನ ಅವಧಿ ಮತ್ತು ಆನಂತರದ ಒಂದು ವರ್ಷ ಕಂತು ಕಟ್ಟುವ ಹಾಗಿಲ್ಲ. ಆ ಅವಧಿಯಲ್ಲಿ ಸರಳ ಬಡ್ಡಿ ಬೆಳೆಯುತ್ತಿರುತ್ತದೆ. ಆಮೇಲೆ 15 ವರ್ಷಗಳವರೆಗೆ ತೀರಿಸಲು ಅವಕಾಶವಿದೆ. ಬ್ಯಾಂಕಿನಿಂದ ಬ್ಯಾಂಕಿಗೆ ನಿಯಮಗಳಲ್ಲಿ ವ್ಯತ್ಯಾಸವಿರುವುದರಿಂದ ಮಂಜೂರಾತಿ ಪತ್ರವನ್ನು ತೆಗೆದು ಓದಬೇಕು. ಬಡ್ಡಿ ಸೇರಿ ಸಾಲ 10 ಲಕ್ಷ ರೂಪಾಯಿಗೆ ನಿಂತಿದೆ, ಬಡ್ಡಿದರ ಶೇಕಡಾ 10, ಹತ್ತು ವರ್ಷದ ಕಂತು ಎಂದಾದರೆ ತಿಂಗಳಿಗೆ ಸುಮಾರು 13,200 ರೂಪಾಯಿ ಬರುತ್ತದೆ. ಹದಿನೈದು ವರ್ಷಕ್ಕೆ ಹಂಚಿದರೆ ಸುಮಾರು 10,750. ಈ ಅಂಕಿಯನ್ನು ಮಗಳ ಮುಂದೆ ಇಟ್ಟು, ಮೊದಲ ವರ್ಷ ಅಂಗಡಿಯಿಂದ ಇಷ್ಟು ಭರಿಸಬಲ್ಲೆವು, ಉಳಿದದ್ದು ನಿನ್ನದು ಎಂದು ಹೇಳಿದರೆ, ಕೈಗೆ ಬಂದ ಮೊದಲ ಕೆಲಸವನ್ನು ಹಿಡಿಯಬೇಕೆ ಬಿಡಬೇಕೆ ಎಂಬ ಆ ಒಂದು ರಾತ್ರಿಯ ಪ್ರಶ್ನೆಗೆ ಅವಳ ಬಳಿ ಅಳತೆಗೋಲೊಂದು ಇರುತ್ತದೆ. ಆ ಅಳತೆಗೋಲಿನಿಂದ ಅಳೆಯುವಾಗ ಆಫರ್ ಲೆಟರಿನಲ್ಲಿ ವಾರ್ಷಿಕ ಆರು ಲಕ್ಷವೆಂದು ಬರೆದಿದ್ದರೆ ತಿಂಗಳಿಗೆ ಐವತ್ತು ಸಾವಿರ ಕೈಗೆ ಬರುತ್ತದೆಂದು ತಿಳಿಯಬಾರದು. ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚುಯಿಟಿ, ವಿಮೆ, ಕೆಲಸ ನೋಡಿ ಕೊಡುವ ಭಾಗ ಎಲ್ಲವೂ ಅದರೊಳಗೇ ಸೇರಿರುತ್ತವೆ.

ಋತು ಮುಗಿದರೂ ಕೆಲಸವಾಗದಿದ್ದರೆ ಏನೆಂದು ತಾಯಿಯವರು ಕೇಳಿಲ್ಲ, ಕೇಳಲು ಹೆದರಿರಬಹುದು. ಕ್ಯಾಂಪಸ್ ಎಂಬುದು ಕೆಲಸ ದೊರೆಯುವ ದಾರಿಗಳಲ್ಲಿ ಒಂದು ಮಾತ್ರ. ಮೂರು ನಾಲ್ಕು ವರ್ಷ ಹಿಂದೆ ಓದಿ ಹೋದವರ ಹೆಸರುಗಳನ್ನು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದಿಂದ ಪಡೆದು, ಅವರ ಕಂಪನಿಗಳಿಗೆ ನೇರವಾಗಿ ಬಯೋಡೇಟಾ ಕಳುಹಿಸುವುದುಂಟು. ಬೇಸಿಗೆಯಲ್ಲಿ ತರಬೇತಿ ಮಾಡಿದ ಸಂಸ್ಥೆಯನ್ನೇ ಮತ್ತೆ ಕೇಳುವುದುಂಟು. ಅಲ್ಲಿ ಎರಡು ತಿಂಗಳು ಅವಳ ಕೆಲಸವನ್ನು ಕಂಡವರಿದ್ದಾರೆ, ಹದಿನೈದು ನಿಮಿಷದ ಪರಿಚಯದವರಲ್ಲ. ಸರಕಾರಿ ಬ್ಯಾಂಕುಗಳ ಅಧಿಕಾರಿ ಹುದ್ದೆಗಳಿಗೆ ಐ.ಬಿ.ಪಿ.ಎಸ್. ನಡೆಸುವ ಪರೀಕ್ಷೆಗೆ ಯಾವುದೇ ಪದವೀಧರರು 20ರಿಂದ 30ರ ವಯಸ್ಸಿನೊಳಗೆ ಕೂರಬಹುದು. ಅಲ್ಲಿ ಸಂದರ್ಶನಕ್ಕೆ ಮೊದಲು ಲಿಖಿತ ಪರೀಕ್ಷೆಯ ಅಂಕಗಳು ನಿಂತಿರುತ್ತವೆ, ಮತ್ತು ಆ ಅಂಕಗಳನ್ನು ಅಭ್ಯರ್ಥಿಗೆ ತೋರಿಸುತ್ತಾರೆ. ಎಂಟನೆಯ ಕಂಪನಿ ಬರುವುದಕ್ಕೆ ಮೊದಲು ಈ ಮೂರು ಹೆಸರುಗಳನ್ನು ಆ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಮಗಳು ಬರೆದಿಟ್ಟುಕೊಳ್ಳಲಿ. ಬಾಗಿಲ ಹೊರಗಿನ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತ ಕುಳಿತಾಗ ತೆರೆದು ನೋಡಿಕೊಳ್ಳಲು ಅನುಕೂಲವಾಗುತ್ತದೆ.